ಲೌಟರ್‌ಬ್ರುನೆನ್ ಸುತ್ತ ಐದು ದಿನ: ಹಿರಿಯರು, ಮಗು ಜೊತೆಗಿದ್ದರೆ ಯಾವ ಹಾದಿ, ಯಾವ ಪಾಸ್?

ಹೇಮಾವತಿ_ತೀರ:
ಜುಲೈ ಮಧ್ಯದಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನೀಸ್ ಓಬರ್‌ಲಾಂಡ್‌ಗೆ ಹೋಗುತ್ತಿದ್ದೇವೆ, ಐದು ಹಗಲು ಸಿಗುತ್ತವೆ. ನಾಲ್ವರು ದೊಡ್ಡವರು, ಒಂಬತ್ತು ವರ್ಷದ ಒಂದು ಮಗು. ದೊಡ್ಡವರಲ್ಲಿ ಇಬ್ಬರಿಗೆ 65 ದಾಟಿದೆ, ಒಬ್ಬರಿಗೆ ಮೊಣಕಾಲಿನ ತೊಂದರೆಯೂ ಇದೆ. ಉಳಿದಿಬ್ಬರಿಗೆ ಕುದುರೆಮುಖ, ಕುಮಾರಪರ್ವತದ ಚಾರಣ ರೂಢಿ. ಪ್ಯಾಕೇಜ್ ಟೂರ್ ಬೇಡ ಅಂತ ತೀರ್ಮಾನ ಆಗಿದೆ. ಎಲ್ಲರೂ ಸೇರಿ ನಡೆಯಬಹುದಾದ ಹಾದಿ ಯಾವುವು, ಎಲ್ಲಿ ಉಳಿಯಬೇಕು, ಯಾವ ಪಾಸ್ ಕೊಳ್ಳಬೇಕು, ಹಿಮದ ಬೆಟ್ಟದ ಮೇಲಿನ ರೈಲು ನಿಲ್ದಾಣ ಯುಂಗ್‌ಫ್ರೌಯೋಖ್‌ಗೆ ಹೋಗಲೇಬೇಕಾ? ಗೊತ್ತಿರುವವರು ವಿವರವಾಗಿ ಬರೆಯಿರಿ.

ನಕ್ಷೆಗಾರ:
ಎತ್ತರದ ಲೆಕ್ಕ ಹಿಡಿದುಕೊಂಡರೆ ಉಳಿದದ್ದು ಸುಲಭ. ಇಂಟರ್‌ಲಾಕೆನ್ ಸುಮಾರು 570 ಮೀಟರ್, ಲೌಟರ್‌ಬ್ರುನೆನ್ ಸುಮಾರು 800, ಗ್ರಿಂಡೆಲ್‌ವಾಲ್ಡ್ 1,034, ವೆಂಗೆನ್ 1,274, ಮ್ಯೂರೆನ್ 1,640ರ ಆಸುಪಾಸು. ಅದರ ಮೇಲೆ ಕ್ಲೈನೆ ಶೈಡೆಗ್ 2,061, ಮೆನ್ಲಿಖೆನ್ ಕೇಬಲ್ ನಿಲ್ದಾಣ ಸುಮಾರು 2,225, ಐಗರ್‌ಗ್ಲೆಟ್ಶರ್ 2,320. ಕೊನೆಗೆ ಯುಂಗ್‌ಫ್ರೌಯೋಖ್ 3,454. ನಮ್ಮ ಮುಳ್ಳಯ್ಯನಗಿರಿ 1,930ರ ಸುಮಾರು, ಅಂದರೆ ಕ್ಲೈನೆ ಶೈಡೆಗ್ ರೈಲು ನಿಲ್ದಾಣವೇ ಕರ್ನಾಟಕದ ಅತಿ ಎತ್ತರದ ತುದಿಗಿಂತ ಮೇಲಿದೆ.

ನಡಿಗೆಯ ಸುಖ ಪೂರ್ತಿ ಇರುವುದು 1,600ರಿಂದ 2,300 ಮೀಟರ್ ನಡುವಿನ ಪಟ್ಟಿಯಲ್ಲಿ. ಕಾಡು ಮುಗಿದು ಹುಲ್ಲುಗಾವಲು ಶುರುವಾಗಿರುತ್ತದೆ, ಎದುರಿಗೆ ಐಗರ್ (3,967), ಮೋಂಖ್, ಯುಂಗ್‌ಫ್ರೌ (4,158) ಸಾಲಾಗಿ ನಿಂತಿರುತ್ತವೆ. ಹತ್ತುವ ಕೆಲಸವನ್ನು ರೈಲು, ಕೇಬಲ್ ಕಾರ್‌ಗಳೇ ಮಾಡುತ್ತವೆ. ನೀವು ಸಮತಟ್ಟಾಗಿ ನಡೆಯುತ್ತೀರಿ, ಇಲ್ಲ ಇಳಿಯುತ್ತೀರಿ. ಹಾಗಾಗಿ ನಿಮ್ಮ ಗುಂಪಿನಲ್ಲಿ ಉಸಿರಿಗಿಂತ ಮೊಣಕಾಲೇ ಹಾದಿಯನ್ನು ತೀರ್ಮಾನಿಸಬೇಕು. ನಕ್ಷೆ ನೋಡುವಾಗ ಎಷ್ಟು ಕಿಲೋಮೀಟರ್ ಅನ್ನುವುದಕ್ಕಿಂತ ಎಷ್ಟು ಮೀಟರ್ ಇಳಿತ ಅಂತ ನೋಡಿ.

ಬೆಟ್ಟದಂಚು:
ಹಿರಿಯರೂ ಮಗುವೂ ಇರುವ ಗುಂಪಿಗೆ ಮೊದಲ ದಿನ ಗ್ರ್ಯೂಚಾಲ್ಪ್–ಮ್ಯೂರೆನ್ ಹಾದಿ. ಲೌಟರ್‌ಬ್ರುನೆನ್ ರೈಲು ನಿಲ್ದಾಣದ ಎದುರಿನಿಂದಲೇ ಕೇಬಲ್ ಕಾರ್ ಇದೆ, ನಾಲ್ಕೈದು ನಿಮಿಷದಲ್ಲಿ 1,486 ಮೀಟರ್‌ನ ಗ್ರ್ಯೂಚಾಲ್ಪ್ ತಲುಪಿಸುತ್ತದೆ. ಅಲ್ಲಿಂದ ಪುಟ್ಟ ರೈಲಿನ ಹಳಿಯ ಪಕ್ಕದಲ್ಲೇ ಸುಮಾರು ನಾಲ್ಕೂವರೆ ಕಿ.ಮೀ. ಅಗಲವಾದ ಹಾದಿ, ಏರು ನೂರೈವತ್ತು ಮೀಟರ್ ಅಷ್ಟೆ. ನಡುವೆ ವಿಂಟರೆಗ್‌ನಲ್ಲಿ ರೆಸ್ಟೋರೆಂಟ್, ಮಕ್ಕಳ ಆಟದ ಜಾಗ, ರೈಲು ನಿಲುಗಡೆ ಮೂರೂ ಇವೆ. ಯಾರಿಗಾದರೂ ಸಾಕೆನಿಸಿದರೆ ಅಲ್ಲೇ ರೈಲು ಹತ್ತಿಬಿಡಬಹುದು. ಇಂಥ ಅನುಕೂಲ ಬೇರೆ ಹಾದಿಗಳಲ್ಲಿ ಸಿಗುವುದಿಲ್ಲ, ಅದಕ್ಕೇ ಇದನ್ನು ಮೊದಲ ದಿನಕ್ಕೆ ಇಡಿ.

ಮ್ಯೂರೆನ್‌ನಿಂದ ಗಿಮ್ಮೆಲ್‌ವಾಲ್ಡ್‌ಗೆ (1,363) ಡಾಂಬರು ದಾರಿಯಲ್ಲಿ ಮುಕ್ಕಾಲು ಗಂಟೆಯೊಳಗೆ ಇಳಿಯಬಹುದು. ಆದರೆ 275 ಮೀಟರ್ ಇಳಿತ, ಗಟ್ಟಿ ನೆಲ. ಮೊಣಕಾಲಿನವರು ಇದನ್ನು ಬಿಟ್ಟು ಮ್ಯೂರೆನ್‌ನಿಂದಲೇ ಕೇಬಲ್ ಕಾರ್‌ನಲ್ಲಿ ಶ್ಟೆಖೆಲ್‌ಬರ್ಗ್‌ಗೆ ಇಳಿಯಲಿ. 2024ರ ಡಿಸೆಂಬರ್‌ನಲ್ಲಿ ಶುರುವಾದ ಹೊಸ ಕೇಬಲ್ ನೇರವಾಗಿ ಇಳಿಸುತ್ತದೆ. ಅದರ ಇಳಿಜಾರು ಶೇ. 159, ಕಿಟಕಿಯ ಪಕ್ಕ ನಿಂತರೆ ಬಂಡೆಯ ಗೋಡೆ ಕಾಲಡಿಯಲ್ಲೇ ಸರಿಯುತ್ತದೆ. ಕೆಳಗೆ 141ನೇ ನಂಬರಿನ ಹಳದಿ ಅಂಚೆ ಬಸ್ಸು ಲೌಟರ್‌ಬ್ರುನೆನ್‌ಗೆ ಬರುತ್ತದೆ.

ಅದೇ ಬಸ್ಸಿನ ದಾರಿಯಲ್ಲಿ ಟ್ರ್ಯುಮೆಲ್‌ಬಾಖ್ ಇದೆ. ಐಗರ್, ಮೋಂಖ್, ಯುಂಗ್‌ಫ್ರೌ ಮೂರರ ಹಿಮನದಿಗಳ ನೀರು ಬೆಟ್ಟದ ಹೊಟ್ಟೆಯೊಳಗೆ ಹತ್ತು ಜಲಪಾತಗಳಾಗಿ ಧುಮುಕುವ ಜಾಗ. ನೀರು ಹೆಚ್ಚಿದಾಗ ಸೆಕೆಂಡಿಗೆ 20,000 ಲೀಟರ್ ತನಕ ಹರಿಯುತ್ತದೆ. ಬೇಸಿಗೆಯ ಬಿಸಿ ದಿನಗಳಲ್ಲಿ ಹಿಮ ಕರಗುವುದರಿಂದ ಜುಲೈ ತಕ್ಕ ಕಾಲ. ಸುರಂಗದ ಲಿಫ್ಟ್‌ನಲ್ಲಿ ಮೇಲೆ ಹೋಗಿ, ಇನ್ನೂ ಮೇಲಿನವನ್ನು ಮೆಟ್ಟಿಲು ಹತ್ತಿ ನೋಡಿ, ಆಮೇಲೆ ಇಳಿಯಿರಿ. ಮೆಟ್ಟಿಲು ಸದಾ ಒದ್ದೆ, ಒಳಗೆ ಚಳಿ, ಮಾತು ಕೇಳಿಸದಷ್ಟು ಸದ್ದು. ಜಾಕೆಟ್ ಹಾಕಿಕೊಂಡು, ಕೈಯಲ್ಲಿ ಏನೂ ಹಿಡಿಯದೆ ಕಂಬಿ ಹಿಡಿದು ನಡೆಯಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ, ನಿಮ್ಮ ಮಗುವಿಗೆ ತೊಂದರೆಯಿಲ್ಲ.

ಮಲೆನಾಡ_ಹಾದಿ:
ಎರಡನೆಯದು ಮೆನ್ಲಿಖೆನ್–ಕ್ಲೈನೆ ಶೈಡೆಗ್ ಪನೋರಮಾ ಹಾದಿ, ಫಲಕಗಳಲ್ಲಿ 33ನೇ ನಂಬರ್. ಸುಮಾರು ನಾಲ್ಕೂವರೆ ಕಿ.ಮೀ., ಒಂದೂವರೆ ಗಂಟೆ. ದಿಕ್ಕು ಮುಖ್ಯ: ಮೆನ್ಲಿಖೆನ್‌ನಿಂದಲೇ ಶುರು ಮಾಡಿ. ಹಾಗೆ ಹೋದರೆ ಒಟ್ಟು 160 ಮೀಟರ್‌ನಷ್ಟು ಇಳಿತ, ಐಗರ್‌ನ ಉತ್ತರ ಗೋಡೆ ಹೊತ್ತಿಡೀ ಮುಖದೆದುರೇ ಇರುತ್ತದೆ. ತಿರುಗಿಸಿ ನಡೆದರೆ ಏರು, ಬೆಟ್ಟಗಳು ಬೆನ್ನಿಗೆ. ವೆಂಗೆನ್‌ನಿಂದ ಕೇಬಲ್ ಕಾರ್‌ನಲ್ಲಿ ಹೋಗಬಹುದು, ಗ್ರಿಂಡೆಲ್‌ವಾಲ್ಡ್ ಟರ್ಮಿನಲ್‌ನಿಂದ ಗೊಂಡೊಲಾದಲ್ಲೂ (ಸಾಲಾಗಿ ಸಾಗುವ ಸಣ್ಣ ಕೇಬಲ್ ಡಬ್ಬಿಗಳು) ಹೋಗಬಹುದು.

ಮೂರನೆಯದು ಫಿರ್ಸ್ಟ್‌ನಿಂದ ಬಾಖಾಲ್ಪ್‌ಸೇ ಸರೋವರ. ಗ್ರಿಂಡೆಲ್‌ವಾಲ್ಡ್‌ನಿಂದ ಗೊಂಡೊಲಾದಲ್ಲಿ 25 ನಿಮಿಷ, ಫಿರ್ಸ್ಟ್ ಸುಮಾರು 2,166 ಮೀಟರ್, ಸರೋವರ 2,265. ಒಂದು ಕಡೆಗೆ ಮೂರು ಕಿ.ಮೀ., ಹಿರಿಯರ ನಡಿಗೆಯಲ್ಲಿ ಒಂದೂಕಾಲು ಗಂಟೆ ಹಿಡಿಯಿರಿ. ಶುರುವಿನ ಏರು ಸ್ವಲ್ಪ ಉಸಿರು ಹಿಡಿಯುತ್ತದೆ, ಆಮೇಲೆ ಸಲೀಸು. ನೀರಿನಲ್ಲಿ ಶ್ರೆಕ್‌ಹಾರ್ನ್ (4,078) ಪ್ರತಿಬಿಂಬ ಕಾಣಬೇಕಾದರೆ ಗಾಳಿ ಇರಬಾರದು. ಬಿಸಿಲೇರಿದಂತೆ ಕಣಿವೆಯಿಂದ ಗಾಳಿ ಮೇಲೇರಿ ನೀರಿನಲ್ಲಿ ಅಲೆ ಏಳುತ್ತದೆ, ಹತ್ತೂವರೆ ಹನ್ನೊಂದಾದರೆ ಕನ್ನಡಿ ಒಡೆದಂತೆಯೇ. ಮೊದಲ ಗೊಂಡೊಲಾ ಹಿಡಿಯಿರಿ. ಇನ್ನೊಂದು ವಿಷಯ: ಎರಡು ನೀರಿನ ಹರವುಗಳಿವೆ, ಫೋಟೋದಲ್ಲಿ ಕಾಣುವ ಬಿಂಬ ಸಿಗುವುದು ಮೇಲಿನದರಲ್ಲಿ. ಮೊದಲು ಸಿಗುವ ತಗ್ಗಿನ ನೀರನ್ನೇ ನೋಡಿ ವಾಪಸಾಗಬೇಡಿ, ಒಂದಿಷ್ಟು ಮುಂದೆ ದಂಡೆಯ ತುದಿಗೆ ನಡೆಯಿರಿ.

ಶಿಖರ_ಸಂಚಾರಿ:
ಐಗರ್ ಟ್ರೇಲ್ ಯಾಕೆ ಯಾರೂ ಹೇಳುತ್ತಿಲ್ಲ? ಐಗರ್‌ಗ್ಲೆಟ್ಶರ್‌ನಿಂದ ಆಲ್ಪಿಗ್ಲೆನ್‌ಗೆ ಸುಮಾರು ಆರು ಕಿ.ಮೀ., ಇಳಿಯುವ ಹಾದಿ. 1938ರ ತನಕ ಯಾರಿಗೂ ದಕ್ಕದೆ ನಿಂತಿದ್ದ ಆ ಉತ್ತರ ಗೋಡೆಯ ಬುಡದಲ್ಲೇ ನಡೆಯುವ ಅವಕಾಶ. 2020ರಲ್ಲಿ ಐಗರ್ ಎಕ್ಸ್‌ಪ್ರೆಸ್ ಎಂಬ ಕೇಬಲ್ ಕಾರ್ ಬಂದ ಮೇಲೆ ಗ್ರಿಂಡೆಲ್‌ವಾಲ್ಡ್ ಟರ್ಮಿನಲ್‌ನಿಂದ ಹದಿನೈದು ನಿಮಿಷದಲ್ಲಿ ಮೇಲಿರುತ್ತೀರಿ. ಬೆಟ್ಟ ಅಂದರೆ ಏನು ಅಂತ ಗೊತ್ತಾಗುವುದು ಅಲ್ಲಿ.

ನಕ್ಷೆಗಾರ:
ಹಾದಿ ಅದ್ಭುತ, ಒಪ್ಪಿದೆ. ಈ ಗುಂಪಿಗೆ ಮಾತ್ರ ಬೇಡ. 2,320ರಿಂದ 1,616ಕ್ಕೆ, ಅಂದರೆ 700 ಮೀಟರ್ ಇಳಿತ. ಫಲಕ ಎರಡು ಗಂಟೆ ಚಿಲ್ಲರೆ ಅನ್ನುತ್ತದೆ, ಮೊಣಕಾಲು ನೋವಿನವರಿಗೆ ನಾಲ್ಕು ಗಂಟೆಯೂ ಆದೀತು. ಸಡಿಲ ಕಲ್ಲು, ಅಡ್ಡ ಹರಿಯುವ ತೊರೆಗಳು. ಜುಲೈ ಆರಂಭದ ತನಕ ಕೊರಕಲುಗಳಲ್ಲಿ ಹಳೆಯ ಹಿಮ ಉಳಿದಿರುತ್ತದೆ. ಕೊನೆಯ ಭಾಗ ಕಡಿದಾದ ತಿರುವುಗಳಲ್ಲಿ ಇಳಿಯುತ್ತದೆ. ಮುಖ್ಯವಾಗಿ, ನಡುವೆ ಬಿಟ್ಟು ಹೋಗಲು ರೈಲೂ ಇಲ್ಲ, ರಸ್ತೆಯೂ ಇಲ್ಲ.

ಹೀಗೆ ಮಾಡಬಹುದು: ಐಗರ್‌ಗ್ಲೆಟ್ಶರ್ ತನಕ ಎಲ್ಲರೂ ಒಟ್ಟಿಗೆ. ಅಲ್ಲಿಂದ ಚಾರಣದವರಿಬ್ಬರಲ್ಲಿ ಒಬ್ಬರು ಐಗರ್ ಟ್ರೇಲ್‌ಗೆ, ಇನ್ನೊಬ್ಬರು ಹಿರಿಯರನ್ನೂ ಮಗುವನ್ನೂ ಕರೆದುಕೊಂಡು ಫಾಲ್‌ಬೋಡೆನ್ ಕೆರೆಯ ಮೂಲಕ ಕ್ಲೈನೆ ಶೈಡೆಗ್‌ಗೆ. ಈ ಎರಡನೆಯದು ಎರಡು ಕಿ.ಮೀ. ಚಿಲ್ಲರೆ, 260 ಮೀಟರ್ ಇಳಿತ, ಹಾದಿ ಚೊಕ್ಕವಾಗಿದೆ. ಅದೂ ಬೇಡವೆಂದರೆ ಅದೇ ದೂರಕ್ಕೆ ರೈಲಿದೆ. ಕ್ಲೈನೆ ಶೈಡೆಗ್‌ನಿಂದ ಗ್ರಿಂಡೆಲ್‌ವಾಲ್ಡ್ ಕಡೆಗೆ ಇಳಿಯುವ ರೈಲು ಆಲ್ಪಿಗ್ಲೆನ್‌ನಲ್ಲಿ ನಿಲ್ಲುತ್ತದೆ, ಅಲ್ಲಿ ಮತ್ತೆ ಸೇರಿಕೊಳ್ಳಬಹುದು.

ಫಿಸಿಯೋ_ಮೈಸೂರು:
ಮೊಣಕಾಲಿನ ವಿಷಯಕ್ಕೆ ಬರುತ್ತೇನೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ; ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ದೇಹದ ಭಾರವನ್ನು ತಡೆಯಬೇಕು, ಮೊಣಕಾಲ ಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ. ಅದಕ್ಕೇ ಹತ್ತುವಾಗ ಆರಾಮಿದ್ದವರು ಇಳಿಯುವಾಗ ನರಳುತ್ತಾರೆ, ನಿಜವಾದ ಸ್ನಾಯು ನೋವು ಮಾರನೆಯ ದಿನವೋ ಮೂರನೆಯ ದಿನವೋ ಕಾಣಿಸಿಕೊಳ್ಳುತ್ತದೆ. ಇಳಿತ ಹೆಚ್ಚಿರುವ ದಿನದ ಮರುದಿನ ಸಮತಟ್ಟಿನ ಹಾದಿ ಇಡಿ.

ಎರಡು ಚಾರಣ ಕೋಲು ಬೇಕು, ಒಂದಲ್ಲ. ಸಮತಟ್ಟಿನಲ್ಲಿ ಮೊಣಕೈ 90 ಡಿಗ್ರಿ ಬಾಗುವಷ್ಟು ಉದ್ದ. ಇಳಿಯುವಾಗ ಅದಕ್ಕಿಂತ 5–10 ಸೆಂ.ಮೀ. ಹೆಚ್ಚಿಸಿ. ಕೋಲನ್ನು ಮೊದಲು ಕೆಳಗೆ ಊರಿ, ಆಮೇಲೆ ಹೆಜ್ಜೆ. ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ಸ್ವಲ್ಪ ಬಾಗಿಯೇ ಇರಲಿ. ಮಡಚುವ ಕೋಲಾದರೆ ಬೀಗಗಳನ್ನು ಹೊರಡುವ ಮೊದಲು ಭಾರ ಹಾಕಿ ಪರೀಕ್ಷಿಸಿ, ಇಳಿಜಾರಿನಲ್ಲಿ ಕುಸಿಯುವುದು ಸಡಿಲವಾದ ಬೀಗದಿಂದಲೇ. ಹೊರಡುವ ಎಂಟು ವಾರ ಮೊದಲಿನಿಂದ ಮನೆಯ ಮೆಟ್ಟಿಲಿನಲ್ಲಿ ನಿಧಾನವಾಗಿ ಇಳಿಯುವ ಅಭ್ಯಾಸ ಮಾಡಿಸಿ: ಒಂದು ಕಾಲಿನ ಮೇಲೆ ಮೂರು ಎಣಿಸುತ್ತಾ ಕೆಳಗಿನ ಮೆಟ್ಟಿಲಿಗೆ, ಕಾಲಿಗೆ ಹತ್ತು ಸಲ, ವಾರಕ್ಕೆ ಮೂರು ದಿನ. ನೋವು ಬಂದರೆ ಮೆಟ್ಟಿಲಿನ ಎತ್ತರ ತಗ್ಗಿಸಿ, ಆಗಲೂ ಉಳಿದರೆ ವೈದ್ಯರಿಗೆ ತೋರಿಸಿ.

ಚರ್ಮದ_ಜೋಡು:
ಶೂ ಬಗ್ಗೆ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಓದಿ. ನಾಲ್ಕೈದು ವರ್ಷ ಬೀರುವಿನಲ್ಲಿಟ್ಟ ಟ್ರೆಕಿಂಗ್ ಬೂಟು ನೋಡಲು ಹೊಸದರಂತೆಯೇ ಇರುತ್ತದೆ. ಆದರೆ ಅಡಿಭಾಗದ ಒಳಪದರ ಪಾಲಿಯುರೆಥೇನ್. ಗಾಳಿಯ ತೇವಾಂಶ ಅದನ್ನು ಒಳಗೊಳಗೇ ಪುಡಿ ಮಾಡುತ್ತದೆ. ಮಂಗಳೂರು, ಉಡುಪಿ ಕಡೆಯ ಹವೆಯಲ್ಲಿ ಇನ್ನೂ ಬೇಗ. ಬೆಟ್ಟದಲ್ಲಿ ಎರಡನೇ ಗಂಟೆಗೆ ಅಡಿ ಪೂರ್ತಿ ಕಳಚಿ ಬೀಳುತ್ತದೆ. ಬೆರಳಿನಿಂದ ಒಳಪದರವನ್ನು ಗಟ್ಟಿಯಾಗಿ ಒತ್ತಿ ನೋಡಿ; ಬಿರುಕು ಕಂಡರೆ, ಪುಡಿ ಉದುರಿದರೆ ಬಿಟ್ಟುಬಿಡಿ. ಹೊರಡುವ ಮೊದಲು ಭಾರ ಹೊತ್ತು ಎರಡು ಮೂರು ದಿನ ಇಡೀ ದಿನ ಹಾಕಿಕೊಂಡು ಓಡಾಡಿ. ಚೀಲದಲ್ಲಿ ಗಟ್ಟಿ ಬಟ್ಟೆಯ ಟೇಪ್ ಇದ್ದರೆ ಸುತ್ತಿಕೊಂಡು ಕೆಳಗಿಳಿಯುವ ಮಟ್ಟಿಗೆ ಸಾಕು.

ಇಳಿಜಾರಿನಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುವುದು ಪಾದ ಮುಂದಕ್ಕೆ ಜಾರುವುದರಿಂದ. ಉಗುರು ಕತ್ತರಿಸಿ, ಕಣಕಾಲಿನ ಹತ್ತಿರದ ಕೊಕ್ಕೆಯಲ್ಲಿ ಲೇಸನ್ನು ಎರಡು ಸುತ್ತು ತಿರುಚಿ ಬಿಗಿಯಿರಿ, ಹಿಮ್ಮಡಿ ಹಿಂದಕ್ಕೆ ಕೂರುತ್ತದೆ.

ಹೇಮಾವತಿ_ತೀರ:
ಬೀರುವಿನಲ್ಲಿರುವ ಬೂಟುಗಳನ್ನು ಇವತ್ತೇ ಒತ್ತಿ ನೋಡುತ್ತೇವೆ. ಈಗ ಪಾಸ್ ವಿಷಯ? ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಎಲ್ಲವೂ ಪುಕ್ಕಟೆ ಅಂತ ಎಲ್ಲರೂ ಹೇಳುತ್ತಾರೆ.

ಬರ್ನ್_ಕನ್ನಡಿಗ:
ಎಲ್ಲವೂ ಅಲ್ಲ. ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ದೇಶದ ರೈಲು, ಬಸ್ಸು, ಸರೋವರದ ದೋಣಿಗಳು ಸೇರಿವೆ. ಈ ಭಾಗದಲ್ಲಿ ಗ್ರಿಂಡೆಲ್‌ವಾಲ್ಡ್, ವೆಂಗೆನ್, ಮ್ಯೂರೆನ್ ತನಕ ಪೂರ್ತಿ. ಅದರ ಮೇಲಕ್ಕೆ ರಿಯಾಯಿತಿ ಮಾತ್ರ: ಮೆನ್ಲಿಖೆನ್, ಫಿರ್ಸ್ಟ್ ಕಡೆಗೆ ಅರ್ಧ ದರ, ಯುಂಗ್‌ಫ್ರೌಯೋಖ್‌ಗೆ ಕೇವಲ ಶೇ. 25. ನಿಮ್ಮ ದಿನಗಳೆಲ್ಲ ಮೇಲಿನ ಪಟ್ಟಿಯಲ್ಲೇ ಕಳೆಯುವುದರಿಂದ ಇದು ಲಾಭವಲ್ಲ.

ಯುಂಗ್‌ಫ್ರೌ ಟ್ರಾವೆಲ್ ಪಾಸ್ ಅಂತ ಬೇರೆಯದೇ ಇದೆ, ಮೂರರಿಂದ ಎಂಟು ದಿನದ ತನಕ, ಸತತ ದಿನಗಳಿಗೆ. ಮೆನ್ಲಿಖೆನ್, ಫಿರ್ಸ್ಟ್, ಶೀನಿಗೆ ಪ್ಲಾಟೆ, ಹಾರ್ಡರ್ ಕುಲ್ಮ್, ಗ್ರ್ಯೂಚಾಲ್ಪ್–ಮ್ಯೂರೆನ್, ಐಗರ್‌ಗ್ಲೆಟ್ಶರ್ ತನಕ ಎಷ್ಟು ಸಲವಾದರೂ. ಐಗರ್‌ಗ್ಲೆಟ್ಶರ್‌ನಿಂದ ಯುಂಗ್‌ಫ್ರೌಯೋಖ್‌ಗೆ ಮಾತ್ರ ಮೇಲೆ ದುಡ್ಡು ಕಟ್ಟಬೇಕು. ಮ್ಯೂರೆನ್–ಶ್ಟೆಖೆಲ್‌ಬರ್ಗ್ ನಡುವೆ ಓಡುವ ಶಿಲ್ಟ್‌ಹಾರ್ನ್ ಕೇಬಲ್ ಬೇರೆ ಕಂಪನಿಯದು, ಇದರಲ್ಲಿ ಸೇರಿಲ್ಲ. ಹಾಗಾಗಿ ಮೊದಲ ದಿನ ಮ್ಯೂರೆನ್‌ನಿಂದ ಶ್ಟೆಖೆಲ್‌ಬರ್ಗ್‌ಗೆ ಇಳಿಯುವುದಾದರೆ ಆ ಒಂದು ಟಿಕೆಟ್ ಬೇರೆ ಕೊಳ್ಳಿ, ಇಲ್ಲವೇ ಬಂದ ದಾರಿಯಲ್ಲೇ ವಾಪಸಾಗಿ.

ಜ್ಯೂರಿಕ್ ವಿಮಾನ ನಿಲ್ದಾಣದಿಂದ ಬಂದು ಹೋಗುವುದಕ್ಕೆ ಒಂದು ತಿಂಗಳ ಹಾಫ್ ಫೇರ್ ಕಾರ್ಡ್ ನೋಡಿ. ಅದು ಯುಂಗ್‌ಫ್ರೌಯೋಖ್‌ಗೂ ಅರ್ಧ ದರ ಕೊಡುತ್ತದೆ, ಯುಂಗ್‌ಫ್ರೌ ಟ್ರಾವೆಲ್ ಪಾಸ್‌ನ ಬೆಲೆಯನ್ನೂ ತಗ್ಗಿಸುತ್ತದೆ. ಮಗುವಿಗೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಉಚಿತವಾಗಿ ಕೇಳಿ ಪಡೆಯಿರಿ. 6ರಿಂದ 15 ವರ್ಷದವರು ಅಪ್ಪ ಅಥವಾ ಅಮ್ಮನ ಜೊತೆ ರೈಲಿನಲ್ಲಿ ಪುಕ್ಕಟೆ. ಅಜ್ಜಿ-ತಾತನ ಜೊತೆ ಮಾತ್ರ ಹೊರಟರೆ ಅದು ನಡೆಯುವುದಿಲ್ಲ, ಗುಂಪು ಒಡೆಯುವ ದಿನ ಇದನ್ನು ನೆನಪಿಡಿ.

ಇಂಟರ್‌ಲಾಕೆನ್ ಓಸ್ಟ್‌ನಲ್ಲಿ ತುಂಬಾ ಜನ ಎಡವುವುದು ಇಲ್ಲಿ: ಲೌಟರ್‌ಬ್ರುನೆನ್‌ಗೂ ಗ್ರಿಂಡೆಲ್‌ವಾಲ್ಡ್‌ಗೂ ಒಂದೇ ರೈಲು ಹೊರಡುತ್ತದೆ, ತ್ಸ್ವೈಲ್ಯೂಚಿನೆನ್‌ನಲ್ಲಿ ಎರಡಾಗಿ ಒಡೆಯುತ್ತದೆ. ಬೋಗಿಯ ಮೇಲಿನ ಫಲಕ ನೋಡಿಯೇ ಹತ್ತಿ. ತಪ್ಪಾದದ್ದು ಹತ್ತಿದ್ದರೆ ತ್ಸ್ವೈಲ್ಯೂಚಿನೆನ್‌ನಲ್ಲಿ ಇಳಿದು ಬೋಗಿ ಬದಲಿಸಿ.

ಹಸಿರುಕಣಿವೆ:
ಉಳಿಯಲು ಲೌಟರ್‌ಬ್ರುನೆನ್ಗಿಂತ ವೆಂಗೆನ್ ಮೇಲು ಅಂತ ನನ್ನ ಅಭಿಪ್ರಾಯ. ಲೌಟರ್‌ಬ್ರುನೆನ್ ಎರಡು ಕಡಿದಾದ ಗೋಡೆಗಳ ನಡುವಿನ ತಳ, ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತದೆ. ಹಗಲೆಲ್ಲ 297 ಮೀಟರ್‌ನ ಶ್ಟೌಬ್‌ಬಾಖ್ ಜಲಪಾತದ ಫೋಟೋಗೆ ಜನವೋ ಜನ. ವೆಂಗೆನ್‌ನಲ್ಲಿ ಕಾರುಗಳಿಲ್ಲ, ರೈಲಿನಲ್ಲಿ ಕಾಲು ಗಂಟೆ, ಸಂಜೆ ಯುಂಗ್‌ಫ್ರೌ ಕೆಂಪಾಗುವುದು ಬಾಲ್ಕನಿಯಿಂದಲೇ ಕಾಣುತ್ತದೆ. ಮೆನ್ಲಿಖೆನ್ ಕೇಬಲ್ ಊರೊಳಗೇ.

ಬರ್ನ್_ಕನ್ನಡಿಗ:
ಐದೇ ದಿನಕ್ಕೆ ಲೌಟರ್‌ಬ್ರುನೆನ್ ನನಗೆ ಸರಿ ಕಾಣುತ್ತದೆ. ಮ್ಯೂರೆನ್ ಕಡೆ, ವೆಂಗೆನ್ ಕಡೆ, ಇಂಟರ್‌ಲಾಕೆನ್ ಕಡೆ, ಮೂರಕ್ಕೂ ಅಲ್ಲಿಂದಲೇ ಹೊರಡಬೇಕು. ವೆಂಗೆನ್‌ನಲ್ಲಿದ್ದರೆ ಮ್ಯೂರೆನ್‌ಗೂ ಫಿರ್ಸ್ಟ್‌ಗೂ ಹೋಗುವ ದಿನ ಹೆಚ್ಚುವರಿ ಇಳಿದು ಹತ್ತಬೇಕು. ಜೊತೆಗೆ ವೆಂಗೆನ್ ಇಳಿಜಾರಿನಲ್ಲಿದೆ. ನಿಲ್ದಾಣದಿಂದ ಹೋಟೆಲಿಗೆ ಎಷ್ಟು ಏರು ಅಂತ ನೋಡದೆ ಕಾಯ್ದಿರಿಸಿದರೆ ಮೊಣಕಾಲಿನವರಿಗೆ ದಿನವೂ ಶಿಕ್ಷೆ. ಜರ್ಮನಿಯಿಂದ ಕಾರಿನಲ್ಲಿ ಬರುವ ಕನ್ನಡಿಗರಿಗೂ ಲೌಟರ್‌ಬ್ರುನೆನ್‌ನಲ್ಲಿ ನಿಲ್ದಾಣದ ಪಕ್ಕವೇ ಬಹುಮಹಡಿ ನಿಲುಗಡೆ ಇದೆ. ಹೆದ್ದಾರಿಗೆ 40 ಫ್ರಾಂಕ್‌ನ ವಿನ್ಯೆಟ್ (ಹೆದ್ದಾರಿ ಸುಂಕದ ಚೀಟಿ) ಬೇಕು, ಒಂದು ದಿನಕ್ಕಾದರೂ ಅಷ್ಟೇ. ಹಾಂ, ಜರ್ಮನಿಯ ಸಿಮ್ ಇರುವವರು ಗಮನಿಸಿ: ಸ್ವಿಟ್ಜರ್‌ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಒಕ್ಕೂಟದ ಉಚಿತ ರೋಮಿಂಗ್ ನಿಯಮ ಇಲ್ಲಿ ಅನ್ವಯಿಸುವುದಿಲ್ಲ. ಗಡಿ ದಾಟುವ ಮೊದಲು ನಿಮ್ಮ ಯೋಜನೆಯಲ್ಲಿ ಸೇರಿದೆಯೇ ನೋಡಿ, ಇಲ್ಲದಿದ್ದರೆ ಡೇಟಾ ಆರಿಸಿಬಿಡಿ.

ಶಿಖರ_ಸಂಚಾರಿ:
ಯುಂಗ್‌ಫ್ರೌಯೋಖ್: ಹೋಗಿ. 1896ರಲ್ಲಿ ಕೆಲಸ ಶುರುವಾಗಿ 1912ರಲ್ಲಿ ಮುಗಿದ ರೈಲು, ಐಗರ್, ಮೋಂಖ್‌ಗಳ ಒಳಗೇ ಏಳು ಕಿ.ಮೀ. ದಾಟುವ ಸುರಂಗ. ಮೇಲೆ ಆಲ್ಪ್ಸ್‌ನ ಅತಿ ಉದ್ದದ ಹಿಮನದಿ ಆಲೆಚ್, ಸುಮಾರು 20 ಕಿ.ಮೀ., ಕಾಲಡಿಯಿಂದಲೇ ಹೊರಡುತ್ತದೆ. ಹಿರಿಯರು ಕಾಲ್ನಡಿಗೆಯಿಲ್ಲದೆ ಇಂಥದ್ದನ್ನು ನೋಡುವ ಜಾಗ ಯುರೋಪಿನಲ್ಲಿ ಬಹಳ ಇಲ್ಲ.

ಮಲೆನಾಡ_ಹಾದಿ:
ಪೂರ್ತಿ ದರದಲ್ಲಿ ತಲೆಗೆ ಇನ್ನೂರು ಫ್ರಾಂಕ್ ದಾಟುತ್ತದೆ, ಅರ್ಧ ದಿನಕ್ಕೂ ಹೆಚ್ಚು ಹೊತ್ತು ಹೋಗುತ್ತದೆ, ಮೋಡ ಕವಿದಿದ್ದರೆ ಬಿಳಿ ಗೋಡೆ ನೋಡಿ ಇಳಿಯಬೇಕು. ಅದೇ ದುಡ್ಡಿನಲ್ಲಿ ಎರಡು ಮೂರು ದಿನದ ನಡಿಗೆ ಆಗುತ್ತದೆ. ಕರ್ನಾಟಕದಿಂದ ಬರುವ ಹೆಚ್ಚಿನ ಪ್ಯಾಕೇಜ್‌ಗಳು ಈ ಒಂದು ನಿಲ್ದಾಣ ಮುಟ್ಟಿಸಿ ಬಸ್ಸು ಹತ್ತಿಸುತ್ತವೆ, ಪನೋರಮಾ ಹಾದಿಯನ್ನು ಕಿಟಕಿಯಿಂದ ತೋರಿಸುವುದೂ ಇಲ್ಲ. ಬೇಸರ ಆಗುವುದು ಅಲ್ಲಿ.

ಫಿಸಿಯೋ_ಮೈಸೂರು:
ಹೋಗುವುದಾದರೆ ಆರೋಗ್ಯದ ಲೆಕ್ಕ ಇದು. 3,454 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು, ಆಮ್ಲಜನಕವೂ ಅಷ್ಟೇ. ಕಣಿವೆಯಿಂದ ಎರಡು ಗಂಟೆಯೊಳಗೆ ಅಲ್ಲಿಗೆ ತಲುಪುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಇರುವುದಿಲ್ಲ. ರೈಲಿನಿಂದ ಇಳಿದ ಕೂಡಲೇ ಮೆಟ್ಟಿಲು ಓಡಿ ಹತ್ತಿದವರಿಗೆ ತಲೆಸುತ್ತು ಗ್ಯಾರಂಟಿ. ಮೊದಲ ಅರ್ಧ ಗಂಟೆ ಅರ್ಧ ವೇಗದಲ್ಲಿ ನಡೆಯಿರಿ, ನೀರು ಕುಡಿಯಿರಿ. ತಲೆನೋವು, ವಾಕರಿಕೆ ಹೆಚ್ಚುತ್ತಾ ಹೋದರೆ ಮದ್ದು ಒಂದೇ, ಮುಂದಿನ ರೈಲಿಗೆ ಕೆಳಗಿಳಿಯುವುದು. ಹೃದಯ, ಶ್ವಾಸಕೋಶದ ಕಾಯಿಲೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಟಿಕೆಟ್ ಕೊಳ್ಳುವ ಮೊದಲು ವೈದ್ಯರನ್ನು ಕೇಳಲಿ. ಹಿಮದ ಮೇಲೆ ಕಪ್ಪು ಕನ್ನಡಕ ಕಡ್ಡಾಯ. ಹೊಸ ಹಿಮ ಅತಿನೇರಳೆ ಕಿರಣದ ಬಹುಪಾಲನ್ನು ಕಣ್ಣಿಗೇ ತಿರುಗಿಸಿ ಬಿಡುತ್ತದೆ. ಮೂಗಿನ ಕೆಳಗೆ, ಗಲ್ಲದ ಅಡಿಗೂ ಸನ್‌ಸ್ಕ್ರೀನ್ ಹಚ್ಚಿ.

ನಕ್ಷೆಗಾರ:
ಇಬ್ಬರ ಮಾತೂ ಒಂದೇ ಕಡೆ ಕೂಡುತ್ತದೆ: ಆ ದಿನವನ್ನು ಮೊದಲೇ ಗುರುತು ಹಾಕಬೇಡಿ. ಹಿಂದಿನ ಸಂಜೆ ಹವಾಮಾನದ ಮೆಟಿಯೋಸ್ವಿಸ್ ಆ್ಯಪ್ ನೋಡಿ, ಬೆಳಿಗ್ಗೆ ಎದ್ದು ಯುಂಗ್‌ಫ್ರೌಯೋಖ್‌ನ ನೇರ ಕ್ಯಾಮೆರಾ ನೋಡಿ, ಆಮೇಲೆ ಟಿಕೆಟ್. ಬೇಸಿಗೆಯಲ್ಲಿ ಆಸನ ಕಾಯ್ದಿರಿಸುವುದು ಬೇರೆ ಇರುತ್ತದೆ, ಬೆಳಗಿನ ಮೊದಲ ರೈಲುಗಳಲ್ಲಿ ಜಾಗ ಸಿಗುವ ಸಾಧ್ಯತೆ ಹೆಚ್ಚು. ಕಣಿವೆಯಲ್ಲಿ ಮೋಡ ಅಂದಮಾತ್ರಕ್ಕೆ ಮೇಲೂ ಮೋಡ ಅಂತಲ್ಲ. ಎಷ್ಟೋ ಬೆಳಗು ಮೋಡ 1,500ರ ಮಟ್ಟದಲ್ಲಿ ಹಾಸಿಕೊಂಡಿದ್ದು ಮೆನ್ಲಿಖೆನ್ ನಿಚ್ಚಳ ಬಿಸಿಲಿನಲ್ಲಿರುತ್ತದೆ. ಕ್ಯಾಮೆರಾ ನೋಡದೆ ಹೋಟೆಲಿನಲ್ಲಿ ಕೂತರೆ ದಿನ ಹೋಯಿತು.

ಜುಲೈನಲ್ಲಿ ದೊಡ್ಡ ಶತ್ರು ಮಧ್ಯಾಹ್ನದ ಗುಡುಗು ಮಳೆ. ಬೆಳಗಿನ ಬಿಸಿಲಿಗೆ ಇಳಿಜಾರು ಕಾದು, ತೇವದ ಗಾಳಿ ಮೇಲೇರಿ, ಹನ್ನೊಂದು ಗಂಟೆಗೆ ಹತ್ತಿಯುಂಡೆಯಂತಿದ್ದ ಮೋಡ ಎರಡು ಮೂರರ ಹೊತ್ತಿಗೆ ಕೋಟೆಯ ಹಾಗೆ ಬೆಳೆದಿರುತ್ತದೆ. ಮೇಲೆ ಮಾಡಬೇಕಾದ್ದನ್ನೆಲ್ಲ ಒಂದು ಗಂಟೆಯೊಳಗೆ ಮುಗಿಸಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಾದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ದಿಬ್ಬ, ಒಂಟಿ ಮರ, ಲೋಹದ ಬೇಲಿ, ಕೇಬಲ್ ಕಂಬ ಬಿಟ್ಟು ತಗ್ಗಿಗೆ ಇಳಿಯಿರಿ. ಕೋಲು ದೂರ ಇಡಿ, ಒಬ್ಬರಿಂದೊಬ್ಬರು ದೂರ, ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಿ. ಗುಡುಗಿದರೆ ಕೇಬಲ್ ಕಾರ್‌ಗಳೂ ನಿಲ್ಲುತ್ತವೆ. ತಡಮಾಡಿದವರು ಮೇಲೆಯೇ ಸಿಕ್ಕಿಕೊಳ್ಳುವುದು ಅದರಿಂದ.

ಸಾವಿರ ಮೀಟರ್‌ಗೆ ಆರು–ಆರೂವರೆ ಡಿಗ್ರಿ ಇಳಿಯುತ್ತದೆ. ಲೌಟರ್‌ಬ್ರುನೆನ್‌ನಲ್ಲಿ 25 ಇದ್ದರೆ ಐಗರ್‌ಗ್ಲೆಟ್ಶರ್‌ನಲ್ಲಿ 15, ಗಾಳಿ ಬೀಸಿದರೆ ಇನ್ನೂ ಕಡಿಮೆ ಅನಿಸುತ್ತದೆ. ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾಗಿ ಒಣಗದೆ ಮೈ ತಣ್ಣಗಾಗಿಸುತ್ತದೆ. ಘಟ್ಟದ ಬೆಚ್ಚಗಿನ ಮಳೆಯಲ್ಲಿ ನೆನೆದು ನಡೆದ ರೂಢಿ ಇಲ್ಲಿ ಕೆಲಸಕ್ಕೆ ಬಾರದು.

ಹೇಮಾವತಿ_ತೀರ:
ಫಲಕಗಳ ಬಣ್ಣದ ಅರ್ಥವೇನು? ಹಾದಿ ತಪ್ಪುವ ಸಾಧ್ಯತೆ ಇದೆಯಾ?

ಬೆಟ್ಟದಂಚು:
ಬರಿ ಹಳದಿ ಅಂದರೆ ಸಾಮಾನ್ಯ ನಡಿಗೆ. ಹಳದಿ ಬಾಣದ ತುದಿಯಲ್ಲಿ ಬಿಳಿ-ಕೆಂಪು-ಬಿಳಿ ಇದ್ದರೆ ಬೆಟ್ಟದ ಹಾದಿ: ಕಿರಿದು, ಕಡಿದು, ಅಲ್ಲಲ್ಲಿ ಪ್ರಪಾತದ ಅಂಚು, ಬೂಟು ಬೇಕು, ತಲೆ ಸುತ್ತಬಾರದು. ನೀಲಿ ಹಲಗೆಯ ಮೇಲೆ ಬಿಳಿ-ನೀಲಿ-ಬಿಳಿ ಕಂಡರೆ ಅದು ಆಲ್ಪೈನ್ ಹಾದಿ, ಬಂಡೆ ಹತ್ತಬೇಕಾಗಬಹುದು, ಹಿಮನದಿಯೂ ಬರಬಹುದು; ನೀವು ವಾಪಸ್ ತಿರುಗಿ. ಫಲಕದಲ್ಲಿ ಬರೆದ ಸಮಯದಲ್ಲಿ ವಿಶ್ರಾಂತಿ, ಊಟ, ಫೋಟೋ ಸೇರಿಲ್ಲ, ನಿಮ್ಮ ಗುಂಪಿಗೆ ಅದರ ಒಂದೂವರೆ ಪಟ್ಟು ಹಿಡಿಯಿರಿ. ಸ್ವಿಸ್‌ಟೊಪೊ ಆ್ಯಪ್ ಉಚಿತ; ನಕ್ಷೆ ಇಳಿಸಿಟ್ಟುಕೊಂಡರೆ ಸಿಗ್ನಲ್ ಇಲ್ಲದೆಯೂ ನಡೆಯುತ್ತದೆ, ಮುಚ್ಚಿದ ಹಾದಿಗಳನ್ನೂ ತೋರಿಸುತ್ತದೆ.

ತುರ್ತಿಗೆ 1414, ರೇಗಾ ಎಂಬ ವಾಯು ರಕ್ಷಣಾ ಸಂಸ್ಥೆ. 112 ಕೂಡ ನಡೆಯುತ್ತದೆ. ಫೋನ್ ಇಲ್ಲದಿದ್ದರೆ ಸೀಟಿಯೋ ಟಾರ್ಚೋ ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಮೂರು ಸಲ ಉತ್ತರ ಬಂದರೆ ಕೇಳಿಸಿತು ಅಂತ. ಹೆಲಿಕಾಪ್ಟರ್‌ಗೆ ಎರಡೂ ಕೈ ಮೇಲೆತ್ತಿದರೆ ಸಹಾಯ ಬೇಕು, ಒಂದು ಮೇಲೆ ಒಂದು ಕೆಳಗಾದರೆ ಬೇಡ. ಸುಮ್ಮನೆ ಖುಷಿಗೆ ಎರಡು ಕೈ ಬೀಸಬೇಡಿ, ಮಗುವಿಗೂ ಹೇಳಿಕೊಡಿ.

ಷೆಂಗೆನ್ ವೀಸಾಕ್ಕೆ 30,000 ಯೂರೋ ವಿಮೆ ಮಾಡಿಸುತ್ತೀರಲ್ಲ, ಅದರ ಸಣ್ಣಕ್ಷರ ಓದಿ. ಚಾರಣವನ್ನು ಹೊರಗಿಟ್ಟ, ಎತ್ತರದ ಮಿತಿ ಹಾಕಿದ, ಹುಡುಕಾಟ ಮತ್ತು ಹೆಲಿಕಾಪ್ಟರ್ ಖರ್ಚು ಕೊಡದ ಪಾಲಿಸಿಗಳು ಇವೆ. ಆ ಖರ್ಚು ಸಾವಿರಾರು ಫ್ರಾಂಕ್ ಆಗುತ್ತದೆ.

ಹಸಿರುಕಣಿವೆ:
ಊಟದ ಬಗ್ಗೆ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ಅರ್ಧ ಚಿಂತೆ ಮುಗಿಯಿತು. ಊರಿನಿಂದ ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ತನ್ನಿ. ತುಪ್ಪ, ಪೇಡ, ಖೋವಾ ಸಿಹಿ ತರಬೇಡಿ, ಐರೋಪ್ಯ ಒಕ್ಕೂಟದ ಆಚೆಯ ದೇಶಗಳಿಂದ ಹಾಲು-ಮಾಂಸದ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವು, ಮಾವಿನಹಣ್ಣಿಗೂ ಪ್ರಮಾಣಪತ್ರ ಬೇಕು, ಅದಿಲ್ಲದೆ ಕಸಿದು ಎಸೆಯುತ್ತಾರೆ. ಬೆಟ್ಟದ ಹೋಟೆಲುಗಳಲ್ಲಿ ಸಸ್ಯಾಹಾರಿಗಳಿಗೆ ರೋಸ್ಟಿ (ಆಲೂಗಡ್ಡೆಯದು) ಸಿಗುತ್ತದೆ, ಆದರೆ ಅದರಲ್ಲಿ ಹಂದಿಮಾಂಸದ ಚೂರು ಹಾಕುವುದು ರೂಢಿ. "ಓನೆ ಶ್ಪೆಕ್" ಅಂತ ಹೇಳಿ. ಸೂಪು ತರಕಾರಿಯದೆಂದರೂ ಮಾಂಸದ ಸಾರಿನಲ್ಲಿ ಮಾಡಿರಬಹುದು, ಕೇಳಿ. ಕಟ್ಟುನಿಟ್ಟಿನವರಿಗೆ ಇನ್ನೊಂದು: ಗ್ರ್ಯೂಯೇರ್‌ನಂಥ ಚೀಸ್ ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವದಿಂದ. ಊರಿನ ತೊಟ್ಟಿಯ ನೀರು ಕುಡಿಯಬಹುದು, "ಕೈನ್ ಟ್ರಿಂಕ್‌ವಾಸರ್" ಅಂತ ಬರೆದಿದ್ದರೆ ಮಾತ್ರ ಬೇಡ. ಮೇಯುವ ಹಸುಗಳ ಕೆಳಗೆ ಹರಿಯುವ ತೊರೆಯ ನೀರು ಎಷ್ಟು ತಿಳಿಯಾಗಿದ್ದರೂ ಕುಡಿಯಬೇಡಿ. ತಲೆಗೆ ಒಂದೂವರೆ ಲೀಟರ್ ಹೊತ್ತಿರಿ.

ಮಲೆನಾಡ_ಹಾದಿ:
ಹಸುಗಳ ಮಾತು ಬಂತು. ಹಾದಿ ಹುಲ್ಲುಗಾವಲಿನ ನಡುವೆಯೇ ಹೋಗುತ್ತದೆ. ಕರು ಜೊತೆಗಿರುವ ಹಸುಗಳು ನಮ್ಮೂರಿನ ಸಾಧು ಗೋವುಗಳಂತಲ್ಲ, ಕರುವಿನ ಹತ್ತಿರ ಹೋದರೆ ತಲೆ ತಗ್ಗಿಸಿ ನುಗ್ಗುತ್ತವೆ. ಕೈಮುಗಿದು ಮುಟ್ಟಲು ಹೋಗಬೇಡಿ. ಇಪ್ಪತ್ತು ಮೀಟರ್‌ನಿಂದ ಐವತ್ತು ಮೀಟರ್ ದೂರ ಬಳಸಿ ಸದ್ದಿಲ್ಲದೆ ನಡೆಯಿರಿ, ಬೆನ್ನು ತೋರಿಸಿ ಓಡಬೇಡಿ. ಬೇಲಿಯ ತಂತಿಯಲ್ಲಿ ವಿದ್ಯುತ್ ಇರುತ್ತದೆ, ಪ್ಲಾಸ್ಟಿಕ್ ಹಿಡಿ ಹಿಡಿದು ಬಿಚ್ಚಿ, ದಾಟಿದ ಮೇಲೆ ಮರೆಯದೆ ಸಿಕ್ಕಿಸಿ. ಕಣಿವೆಯ ಎತ್ತರದ ಹುಲ್ಲು ಚಳಿಗಾಲದ ಮೇವು, ಫೋಟೋಗಾಗಿ ತುಳಿದರೆ ಬಿದ್ದ ಹುಲ್ಲನ್ನು ಯಂತ್ರ ಕೊಯ್ಯಲಾರದು.

ಸುಮಾರು 1,500 ಮೀಟರ್ ಕೆಳಗಿನ ಹುಲ್ಲು, ಪೊದೆಯಲ್ಲಿ ಉಣ್ಣಿ ಇರುತ್ತವೆ. ಲೈಮ್ ರೋಗವನ್ನೂ ಮೆದುಳಿನ ಉರಿಯೂತ ತರುವ ಒಂದು ವೈರಸ್ಸನ್ನೂ ಹರಡುತ್ತವೆ. ಶಿವಮೊಗ್ಗ, ಉತ್ತರ ಕನ್ನಡದವರಿಗೆ ಗೊತ್ತಿರುವ ಮಂಗನ ಕಾಯಿಲೆಯ ವೈರಸ್ ಅದರ ಬಳಗದ್ದೇ. ಸಂಜೆ ಮೊಣಕಾಲ ಹಿಂಭಾಗ, ತೊಡೆಸಂದು, ಮಗುವಿನ ಕಿವಿಯ ಹಿಂದೆ ನೋಡಿ. ಕಚ್ಚಿಕೊಂಡಿದ್ದರೆ ಚಿಮಟಿಗೆಯಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ, ಸುಣ್ಣ, ಬೆಂಕಿ ಯಾವುದೂ ಬೇಡ.

ಹೇಮಾವತಿ_ತೀರ:
ಕೊನೆಯ ಪ್ರಶ್ನೆ. ನಾವಿಬ್ಬರೇ ಒಂದು ದಿನ ದೊಡ್ಡ ಹಾದಿ ನಡೆಯಬೇಕು ಅಂತ ಆಸೆ. ಹಿರಿಯರು ಮಗುವಿನ ಜೊತೆ ಊರಿನಲ್ಲೇ ಇರುತ್ತಾರೆ. ಶೀನಿಗೆ ಪ್ಲಾಟೆಯಿಂದ ಫಿರ್ಸ್ಟ್ ತನಕದ್ದು ಆಗುತ್ತದೆಯೇ?

ಶಿಖರ_ಸಂಚಾರಿ:
ಕುಮಾರಪರ್ವತ ಮಾಡುವವರಿಗೆ ಆಗುತ್ತದೆ. ಸುಮಾರು 16 ಕಿ.ಮೀ., ಫಲಕದ ಪ್ರಕಾರ ಆರು ಗಂಟೆ. ಶೀನಿಗೆ ಪ್ಲಾಟೆ 1,967, ನಡುವಿನ ಅತಿ ಎತ್ತರ ಫೌಲ್‌ಹಾರ್ನ್ 2,681, ಆಮೇಲೆ ಬಾಖಾಲ್ಪ್‌ಸೇ ಮೂಲಕ ಫಿರ್ಸ್ಟ್. ಎಡಕ್ಕೆ ಬ್ರಿಯೆನ್ಜ್ ಸರೋವರದ ಹಸಿರು ನೀರು, ಬಲಕ್ಕೆ ಹಿಮದ ಬೆಟ್ಟಗಳು. ವಿಲ್ಡರ್ಸ್‌ವಿಲ್‌ನಿಂದ ಹಲ್ಲುಹಳಿಯ ರೈಲು (1893ರದು) 50 ನಿಮಿಷ ಚಿಲ್ಲರೆ ತೆಗೆದುಕೊಳ್ಳುತ್ತದೆ. ದಿನದ ಮೊದಲ ರೈಲನ್ನೇ ಹಿಡಿಯಬೇಕು, ಎರಡನೆಯದು ಹಿಡಿದರೆ ಲೆಕ್ಕ ಬಿಗಿಯಾಗುತ್ತದೆ.

ನಕ್ಷೆಗಾರ:
ಬಿಗಿಯಾಗುವುದು ಎರಡು ಕಾರಣಕ್ಕೆ. ಹಾದಿಯ ಹೆಚ್ಚಿನ ಭಾಗ ಮರವಿಲ್ಲದ ಬಯಲು ಏಣು, ಗುಡುಗು ಬಂದರೆ ಅಡಗಲು ಫೌಲ್‌ಹಾರ್ನ್‌ನ ಹೋಟೆಲಿನಂಥ ಒಂದೆರಡು ಜಾಗ ಬಿಟ್ಟರೆ ಏನೂ ಇಲ್ಲ. ಗುಡುಗಿನ ಮುನ್ಸೂಚನೆ ಇರುವ ದಿನ ಹೊರಡಲೇಬೇಡಿ. ಆ ದಿನಕ್ಕೆ ಟ್ರ್ಯುಮೆಲ್‌ಬಾಖ್ ಇಟ್ಟುಕೊಳ್ಳಿ. ಫೌಲ್‌ಹಾರ್ನ್‌ನ ಉತ್ತರ ಬದಿಯ ತಗ್ಗುಗಳಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಜುಲೈವರೆಗೂ ಗಟ್ಟಿ ಹಿಮದ ತೇಪೆ ಉಳಿಯುತ್ತದೆ. ಹಿಂದಿನ ದಿನ ಶೀನಿಗೆ ಪ್ಲಾಟೆ ನಿಲ್ದಾಣಕ್ಕೆ ಫೋನ್ ಮಾಡಿ ಹಾದಿಯ ಸ್ಥಿತಿ ಕೇಳಿ.

ಎರಡನೆಯದು ಫಿರ್ಸ್ಟ್‌ನ ಕೊನೆಯ ಗೊಂಡೊಲಾ. ಜುಲೈನಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ, ಅದನ್ನು ನಂಬಿ ಜನ ನಿಧಾನಿಸುತ್ತಾರೆ. ಗೊಂಡೊಲಾ, ಕೇಬಲ್‌ಗಳು ಸಂಜೆ ಐದು–ಆರರ ಆಸುಪಾಸಿನಲ್ಲೇ ಮುಚ್ಚುತ್ತವೆ. ತಪ್ಪಿದರೆ ಗ್ರಿಂಡೆಲ್‌ವಾಲ್ಡ್‌ಗೆ 1,130 ಮೀಟರ್ ಕಾಲ್ನಡಿಗೆಯಲ್ಲಿ ಇಳಿಯಬೇಕು, ಅದೂ 16 ಕಿ.ಮೀ. ನಡೆದ ಕಾಲಿನಲ್ಲಿ. ಬೆಳಿಗ್ಗೆಯೇ ಆ ದಿನದ ಕೊನೆಯ ಸಮಯ ನೋಡಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಮಧ್ಯಾಹ್ನ ಎರಡು ಗಂಟೆಗೆ ಫೌಲ್‌ಹಾರ್ನ್ ದಾಟಿರಬೇಕು ಅಂತ ಗೆರೆ ಹಾಕಿ. ದಾಟಿಲ್ಲವೆಂದರೆ ಶಿಖರದ ಹೋಟೆಲಿನ ತನಕದ ಕವಲು ಬಿಟ್ಟು ನೇರ ಸರೋವರದ ಕಡೆ ಇಳಿಯಿರಿ. ಜೊತೆಗೆ ನಗದು ಫ್ರಾಂಕ್ ಇರಲಿ. ಬೆಟ್ಟದ ಗುಡಿಸಲುಗಳಲ್ಲಿ ಟ್ವಿಂಟ್ (ಫೋನಿನಲ್ಲಿ ಹಣ ಕೊಡುವ ಸ್ವಿಸ್ ಆ್ಯಪ್) ಅಥವಾ ನಗದು ಅನ್ನುವವರಿದ್ದಾರೆ, ಟ್ವಿಂಟ್‌ಗೆ ಸ್ವಿಸ್ ಬ್ಯಾಂಕ್ ಖಾತೆ ಬೇಕು.